ತಂಟೆ ತಕರಾರಿಲ್ಲದ ಕಥೆಗಳು

ಐವತ್ತು ದಾಟಿದ ಮೇಲೆ ಮನುಷ್ಯನಿಗೆ ಏನಾದರೊಂದು ಅಂಟಿಕೊಳ್ಳುತ್ತದಂತೆ. ನನ್ನ ಓರಗೆಯವರಿಗೆ ಸಕ್ಕರೆ ಬಂತು, ಬಿ.ಪಿ. ಬಂತು, ಒಬ್ಬಿಬ್ಬರಿಗೆ ವೈರಾಗ್ಯವೂ ಬಂತು. ನನಗೆ ಕಥೆ ಬರೆಯುವ ಚಟ ಬಂತು. ಮಿಕ್ಕವಕ್ಕೆ ಮಾತ್ರೆಯಾದರೂ ಸಿಗುತ್ತದೆ. ಇದಕ್ಕೆ ಮದ್ದಿಲ್ಲ, ಪಥ್ಯವಿಲ್ಲ, ಮನೆಯವರ ಕನಿಕರವಂತೂ ಮೊದಲೇ ಇಲ್ಲ. ಸಕ್ಕರೆ ಬಂದವನನ್ನು ನೋಡಿ ಜನ "ಪಾಪ" ಅನ್ನುತ್ತಾರೆ, ಕಥೆ ಬರೆಯುವವನನ್ನು ನೋಡಿ ರಸ್ತೆ ದಾಟುತ್ತಾರೆ.

ನಾನು ಜಗಳೂರಿನಲ್ಲಿ ಪತ್ರ ಬರಹಗಾರ. ಪ್ರೇಮಪತ್ರ ಬರೆಯುವವನಲ್ಲ, ಕ್ರಯಪತ್ರ ಬರೆಯುವವನು. ನೋಂದಣಿ ಕಚೇರಿಯ ಎದುರು ಸಾಲಿನಲ್ಲಿ ಮೂರನೆಯ ಮಳಿಗೆ ನನ್ನದು. ಹೊಲ ಮಾರುವವರು, ಮನೆ ಕೊಳ್ಳುವವರು, ಪಾಲಾಗುವ ಅಣ್ಣತಮ್ಮಂದಿರು ಬಾಯಲ್ಲಿ ಹೇಳಿದ್ದನ್ನು ಕಾನೂನಿನ ಭಾಷೆಗೆ ಇಳಿಸುವುದು ನನ್ನ ಕಸುಬು. ಮೊದಲು ಕೈಯಲ್ಲಿ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ ಕುಟ್ಟುತ್ತೇನೆ. ಮೂವತ್ತು ವರ್ಷದಲ್ಲಿ ಬರೆದ ಹಾಳೆಗಳನ್ನು ಸಾಲಾಗಿ ಹಾಸಿದರೆ ಜಗಳೂರಿನಿಂದ ಚನ್ನಗಿರಿಯವರೆಗೆ ಕಾಲಿಗೆ ಮಣ್ಣು ತಾಗದಂತೆ ನಡೆದುಹೋಗಬಹುದು. ಆದರೆ ಅದರಲ್ಲಿ ಒಂದು ಮಾತೂ ನನ್ನದಲ್ಲ. ಎಲ್ಲ ಅವರಿವರು ಹೇಳಿ ಬರೆಸಿದ್ದು. ಸಾಯುವುದರೊಳಗೆ ನಾನೇ ಹುಟ್ಟಿಸಿದ ಮಾತುಗಳ ಒಂದು ಪುಸ್ತಕ ಬರಬೇಕು ಎಂಬ ಆಸೆ ಹತ್ತಿತು. ಹತ್ತಿದ ವಾರದಲ್ಲೇ, ಒಂದು ಕಥೆಯೂ ಮುಗಿಯುವ ಮೊದಲೇ, ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ನನ್ನ ಪುಸ್ತಕ ಬರುತ್ತಿದೆ ಎಂದು ಸಾರಿಬಿಟ್ಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದಾಯಿತು. ಅಂದಿನಿಂದ ಸ್ಟಾಂಪ್ ಪೇಪರ್ ಮಾರುವವನಿಂದ ಹಿಡಿದು ಸಾಕ್ಷಿ ಹಾಕಲು ಬಂದವರವರೆಗೆ ಎಲ್ಲರೂ "ಪುಸ್ತಕ ಎಲ್ಲಿಗೆ ಬಂತ್ರೀ?" ಎಂದು ಕೇಳತೊಡಗಿದರು.

ಒಂದು ವರ್ಷ ಕೂತು ಒಂಬತ್ತು ಕಥೆ ಬರೆದೆ. ನನ್ನ ನಾಯಕಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಆಕೆ ದಿವಂಗತ ಹನುಮಂತಪ್ಪನವರ ಎರಡನೇ ಮಗಳು, ಸುಮಾರು ಇಪ್ಪತ್ತಮೂರು ವರ್ಷ, ನ್ಯಾಮತಿ ಟೌನ್ ವಾಸಿ ಎಂಬುದು ಮೊದಲ ಸಾಲಿನಲ್ಲೇ ತಿಳಿದುಹೋಗುತ್ತಿತ್ತು. ಆಕೆಯ ಮುಖ ಹೇಗಿತ್ತು ಎಂಬುದು ಮಾತ್ರ ಕಥೆ ಮುಗಿದರೂ ತಿಳಿಯುತ್ತಿರಲಿಲ್ಲ. ಮನೆಯ ವರ್ಣನೆ ಬಂದರೆ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಖಾಲಿ ಜಾಗ ಎಂದು ನಾಲ್ಕೂ ದಿಕ್ಕಿನ ಚಕ್ಕುಬಂದಿ ಹಾಕಿದ ಮೇಲೆಯೇ ನಾಯಕ ಒಳಗೆ ಕಾಲಿಡುತ್ತಿದ್ದ. ಹೊನ್ನಾಳಿ ಸೇತುವೆಯ ಮೇಲೆ ಅವನು ತನ್ನ ಪ್ರೀತಿಯನ್ನು ಹೇಳಿಕೊಂಡಾಗ ಆಕೆ "ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ" ಒಪ್ಪಿದಳು. ಅದನ್ನು ಬರೆದು ನಾನೇ ಕಣ್ಣೊರೆಸಿಕೊಂಡಿದ್ದೆ.

ಮೊದಲು ಓದಿದವಳು ನನ್ನ ಹೆಂಡತಿ ಅನ್ನಪೂರ್ಣ. ಅವರೆಕಾಯಿ ಸುಲಿಯುತ್ತಾ ಮೂರು ಕಥೆ ಓದಿ ಹಾಳೆ ಮಡಚಿಟ್ಟಳು. "ಏನ್ರೀ ಇದು, ನಿಮ್ಮ ಕಥೆಯಾಗೆ ಯಾರೂ ಜಗಳಾನೇ ಆಡಲ್ವಲ್ಲ. ಮದುವೆ ಆದ್ರು, ಮನೆ ಕಟ್ಟಿದ್ರು, ಮುಗೀತು. ಓದಾಕೆ ಕುಂತ್ರೆ ನಾನೂ ಒಂದು ಹೆಬ್ಬೆಟ್ಟು ಒತ್ತಿ ಎದ್ದು ಬರ್ಬೇಕು ಅನ್ನಿಸ್ತೈತೆ" ಎಂದಳು. ಹೆಂಗಸರಿಗೆ ಸಾಹಿತ್ಯ ತಿಳಿಯುವುದಿಲ್ಲ ಎಂದು ಗೊಣಗಿಕೊಂಡು ಕಥೆಗಳನ್ನು ದಾವಣಗೆರೆಯ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ತಿಂಗಳಾದ ಮೇಲೆ ಅಲ್ಲಿನ ಸಂಪಾದಕಿಯ ಫೋನು ಬಂತು. ಆಕೆಯೂ ಹೆಂಗಸೇ.

"ಸರ್, ನಿಮ್ಮ ಭಾಷೆ ಗಟ್ಟಿ ಐತೆ. ಆದ್ರೆ ನಿಮ್ಮ ಕಥೆಯಲ್ಲಿ ಯಾರಿಗೂ ಯಾರ ಮೇಲೂ ತಕರಾರಿಲ್ಲ. ತಕರಾರಿಲ್ಲದೆ ಕಥೆ ಹೆಂಗೆ ನಡೀತೈತೆ ಹೇಳ್ರಿ? ಯುಗಾದಿಯೊಳಗೆ ಎದೆಗೆ ತಾಗೋಂಥ ಒಂದು ಕಥೆ ಕೊಡ್ರಿ, ಉಳಿದ ಒಂಬತ್ತನ್ನು ಕೂತು ತಿದ್ದೋಣ. ಆಗಲಿಲ್ಲ ಅಂದ್ರೆ ಪುಸ್ತಕ ಮಾಡೋದು ಕಷ್ಟ."

ಆಕೆ ಕೈ ಇಟ್ಟಿದ್ದು ನನ್ನ ಬುಡಕ್ಕೇ. ಮುಂದೆಂದೂ ಜಗಳಕ್ಕೆ ಎಡೆಯಾಗದಂತೆ ಬರೆಯುವವನೇ ಒಳ್ಳೆಯ ಪತ್ರ ಬರಹಗಾರ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಮೂವತ್ತು ವರ್ಷ ನಾನು ತಕರಾರುಗಳನ್ನು ಆರಿಸಿ ಆರಿಸಿ ಎಸೆದಿದ್ದೆ. ಈಗ ಕಲ್ಲೇ ಬೇಕು ಅನ್ನುತ್ತಾರೆ! ಇರಲಿ ಎಂದು ಹಟಕ್ಕೆ ಬಿದ್ದು ಜಗಳದ ಕಥೆಯೊಂದನ್ನು ಬರೆದೆ. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಯಿತೆಂದು ಗಂಡ ತಟ್ಟೆ ಎಸೆಯುತ್ತಾನೆ. ಆದರೆ ಹಳೆಯ ಅಭ್ಯಾಸ ಬಿಡಬೇಕಲ್ಲ, ಮುಂದಿನ ಪುಟದಲ್ಲೇ ಗಂಡ ಹೆಂಡತಿ ಹಿರಿಯರ ಸಮಕ್ಷಮ ರಾಜಿಯಾಗಿಬಿಟ್ಟರು. ಅನ್ನಪೂರ್ಣ ಅದನ್ನು ಓದಿ, "ಇದು ಯಾರ ಮನೆ ಉಪ್ಪಿಟ್ಟು?" ಎಂದು ಕೇಳಿದಳು. ಆಮೇಲೆ ಹದಿನೈದು ದಿನ ನಮ್ಮ ಮನೆಯಲ್ಲಿ ಉಪ್ಪಿಟ್ಟು ಆಗಲಿಲ್ಲ. ಯುಗಾದಿ ಹತ್ತಿರ ಬರುತ್ತಿತ್ತು, ಹೋಟೆಲಿನ ಕಡೆ ತಲೆ ಹಾಕುವುದನ್ನೇ ಬಿಟ್ಟೆ.

ಆ ದಿನಗಳಲ್ಲೇ ಹಾಲಮ್ಮ ಬಂದದ್ದು. ತವರು ಬಿಳಿಚೋಡು, ಕೊಟ್ಟದ್ದು ಸೊಕ್ಕೆಗೆ, ಅರವತ್ತರ ಹತ್ತಿರದ ಹೆಂಗಸು. ತವರು ಮನೆಯಲ್ಲಿ ತನಗಿದ್ದ ಪಾಲನ್ನು ಅಣ್ಣ ನಾಗಣ್ಣನಿಗೆ ಬಿಟ್ಟುಕೊಡಲು ಬಂದಿದ್ದಳು. ಹಕ್ಕು ಬಿಡುಗಡೆ ಪತ್ರ ನಮಗೆ ನಿತ್ಯದ ಅಡುಗೆ, ಹತ್ತು ನಿಮಿಷದಲ್ಲಿ ತಯಾರಾಯಿತು. ಓದಿ ಹೇಳಿದೆ. ಆಕೆ ಪೆನ್ನು ಕೈಗೆ ತೆಗೆದುಕೊಂಡವಳು ನಿಲ್ಲಿಸಿ, "ಸ್ವಾಮಿ, ಇನ್ನೊಂದು ಸಾಲು ಹಾಕ್ರಿ. ವರ್ಷಕ್ಕೊಂದ್ಸಲ ಪಂಚಮಿ ಹಬ್ಬಕ್ಕೆ ಅಣ್ಣ ಬಂದು ನನ್ನ ಕರ್ಕಂಡು ಹೋಗ್ಬೇಕು ಅಂತ. ಅವ್ವ ಹೋದ ಮ್ಯಾಲೆ ಕರೆಯಾದು ನಿಂತೈತೆ" ಎಂದಳು. ಪಕ್ಕದಲ್ಲೇ ಕೂತಿದ್ದ ನಾಗಣ್ಣ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡ. ನಾನು ಮೂವತ್ತು ವರ್ಷದ ಅನುಭವದ ಗತ್ತಿನಲ್ಲಿ, "ಅಂಥದ್ದೆಲ್ಲ ಪತ್ರದಾಗೆ ಬರೆಯಾಕೆ ಬರಲ್ಲಮ್ಮ" ಎಂದೆ. ಆಕೆ ಸಹಿ ಹಾಕಿ ಎದ್ದು ಹೋದಳು.

ಹೋದ ಮೇಲೆ ನನಗೆ ಕೆಲಸ ಸಾಗಲಿಲ್ಲ. ಪತ್ರದಲ್ಲಿ ಬರೆಯಲು ಬರುವುದಿಲ್ಲ ಎಂದು ನಾನು ಎಷ್ಟು ಜನರ ಬಾಯಿ ಮುಚ್ಚಿಸಿದ್ದೆನೋ! ಕಥೆಗಳೆಲ್ಲ ನನ್ನ ಮೇಜಿನ ಮುಂದೆಯೇ ಬಂದು ಕೂತಿದ್ದವು, ನಾನೇ ಎಬ್ಬಿಸಿ ಕಳಿಸಿದ್ದೆ. ಮರುದಿನ ಬೆಳಿಗ್ಗೆ ಸ್ನಾನವನ್ನೂ ಮಾಡದೆ ಕೂತೆ. ಊರು, ಹೆಸರು, ಸಂಸಾರ ಎಲ್ಲ ಬದಲಾಯಿಸಿದೆ. ಪಂಚಮಿಯ ಉಂಡೆ ಕಟ್ಟಿಟ್ಟುಕೊಂಡು ಪ್ರತಿ ಬಸ್ಸಿಗೂ ಎದ್ದು ನಿಲ್ಲುವ ಒಬ್ಬ ತಂಗಿ, ಕೊನೆಗೆ ಕರೆಯದಿದ್ದರೂ ತಾನೇ ಹೊರಟು ಅಣ್ಣನ ಬಾಗಿಲಲ್ಲಿ ನಿಲ್ಲುವುದು. ಮೂರು ಬೆಳಿಗ್ಗೆಗೆ ಹನ್ನೊಂದು ಪುಟವಾಯಿತು. ಬಾಗಿಲಲ್ಲಿ ನಿಂತು ಆಕೆ ಆಡುವ ಒಂದೇ ಒಂದು ಮಾತಿಗೆ ಇನ್ನೂ ನಾಲ್ಕು ದಿನ ಹಿಡಿಯಿತು. ಅದು ಹೊಳೆದದ್ದು ಗಡ್ಡ ಹೆರೆಯುವಾಗ. ಕೆನ್ನೆ ಕೊಯ್ದುಕೊಂಡು ಓಡಿಬಂದು ಬರೆದೆ. ಅನ್ನಪೂರ್ಣ ಓದಿದಳು. ಮೂಗೊರೆಸಿಕೊಂಡು ಒಳಗೆ ಹೋಗಿ ಉಪ್ಪಿಟ್ಟು ಮಾಡಿದಳು. ಯುಗಾದಿಗೆ ಎರಡು ದಿನ ಇರುವಾಗ ಸಂಪಾದಕಿ ಫೋನು ಮಾಡಿ, "ಪುಸ್ತಕ ಮಾಡ್ತೀವಿ ಸರ್" ಎಂದರು. ನಾನು ನೇರ ಹೋಟೆಲಿಗೆ ನಡೆದು ಇದ್ದವರಿಗೆಲ್ಲ ಚಹಾ ಹೇಳಿದೆ.

ಅಚ್ಚಿನ ಮೊದಲ ಕರಡು ಅಂಚೆಯಲ್ಲಿ ಬಂತು, ತಿದ್ದಿ ಕಳಿಸಿದೆ. ಸಂಪಾದಕಿ ಗಾಬರಿಯಿಂದ ಫೋನು ಮಾಡಿದರು. "ಸರ್, ಪ್ರತಿ ಪುಟದ ಕೆಳಗೂ ಯಾಕೆ ಸೈನ್ ಹಾಕೀರಿ? ಕೊನೇ ಪುಟದಾಗೆ ಇಬ್ಬರು ಸಾಕ್ಷಿನೂ ಹಾಕ್ಸೀರಲ್ಲ!" ಪತ್ರದಲ್ಲಿ ಒಂದು ಅಕ್ಷರ ಹೊಡೆದುಹಾಕಿದರೂ ಪಕ್ಕದಲ್ಲಿ ಸಹಿ ಬೀಳಬೇಕು, ಅದು ನಮ್ಮ ಧರ್ಮ. ಸಾಕ್ಷಿ ಹಾಕಿದವರು ಹೋಟೆಲಿನ ಮಾಲೀಕರು ಮತ್ತು ಅನ್ನಪೂರ್ಣ. ಸಾಕ್ಷಿಗಳಿಲ್ಲದೆಯೂ ಪುಸ್ತಕ ಆಷಾಢದಲ್ಲಿ ಹೊರಬಂತು. ಶುಭಕಾರ್ಯಕ್ಕೆ ಆಷಾಢ ಆಗದು ಎಂದವರಿಗೆ, ಮುದ್ರಣಕ್ಕೆ ದೋಷವಿಲ್ಲ ಎಂದು ನಾನೇ ಶಾಸ್ತ್ರ ಹೇಳಿದೆ. ಉಬ್ಬಿಹೋಗಿ ತಾಲ್ಲೂಕಿನ ಪಂಚಾಯ್ತಿ ಲೈಬ್ರರಿಗಳಿಗೆಲ್ಲ ಒಂದೊಂದು ಪ್ರತಿ ಹಂಚಿದೆ. ಹಂಚುವಾಗ ಹಾಲಮ್ಮನ ಊರು ಸೊಕ್ಕೆಯಲ್ಲೂ ಒಂದು ಲೈಬ್ರರಿ ಇದೆ ಎಂಬುದು ಈ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಪಂಚಮಿ ಕಳೆದ ಸೋಮವಾರ ಮಳಿಗೆಯ ಬಾಗಿಲಲ್ಲಿ ಹಾಲಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ನನ್ನ ಪುಸ್ತಕ. ಮನೆಯ ಗುಟ್ಟು ಬೀದಿಗೆ ತಂದಿರಿ ಎಂದು ನಾಲ್ಕು ಜನರೆದುರು ಕೂಗಿದರೆ ನನ್ನ ಪುಸ್ತಕದ ಗತಿ ಏನು, ನನ್ನ ಕಸುಬಿನ ಗತಿ ಏನು ಎಂದು ಹೆದರುತ್ತಲೇ ಕುರ್ಚಿ ಎಳೆದು ನೀರು ಕೊಟ್ಟೆ. ಆಕೆ ಕೂತಳು, ನೀರು ಕುಡಿದಳು.

"ಸೊಸೆ ಲೈಬ್ರರಿಯಿಂದ ತಂದು ಓದಿ ಹೇಳಿದ್ಲು ಸ್ವಾಮಿ. ಹೆಸ್ರು ಬ್ಯಾರೆ ಹಾಕಿದ್ರೂ ನಂದೇ ಅಂತ ಗೊತ್ತಾತು. ಪುಸ್ತಕ ಅಣ್ಣಗೆ ಕಳಿಸ್ದೆ. ಹಬ್ಬದ ಹಿಂದಿನ ದಿನ ಪುಸ್ತಕ ಹಿಡ್ಕಂಡು, ಬೈಕ್ ತಗಂಡು ಬಂದೇ ಬಿಟ್ಟ, ಕರೆಯಾಕೆ! ಅವತ್ತು ನಾ ಅಂದಿದ್ನಲ್ಲ, 'ಮನೆ ಬರ್ಕೊಟ್ಟೀನಿ ಅಣ್ಣ, ಹೊಸ್ತಿಲು ಬರ್ಕೊಟ್ಟಿಲ್ಲ' ಅಂತ. ಆ ಮಾತಿಗೇ ಅತ್ತುಬಿಟ್ಟನಂತೆ." ಗಂಟು ಬಿಚ್ಚಿ ಶೇಂಗಾ ಉಂಡೆ ಮೇಜಿನ ಮೇಲಿಟ್ಟಳು. "ನೀವು ಒಳ್ಳೇರು ಸ್ವಾಮಿ. ನಾ ಅಂದಿದ್ದನ್ನ ಅಂದಂಗೇ ಬರ್ದೀರಿ. ನಿಮ್ದು ಅಂತ ಒಂದಕ್ಷರಾನೂ ಸೇರಿಸಿಲ್ಲ."

ಆಕೆ ಆ ಮಾತನ್ನು ಎಂದೂ ಆಡಿರಲಿಲ್ಲ. ಅದು ನನ್ನದು, ನಾಲ್ಕು ದಿನ ಒದ್ದಾಡಿ, ಕೆನ್ನೆ ಕೊಯ್ದುಕೊಂಡು ನಾನೇ ಹುಟ್ಟಿಸಿದ್ದು! ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಕೆಯ ಮುಖ ನೋಡಿದೆ. "ಹೌದಮ್ಮ, ನೀವು ಹೇಳಿದ್ದೇ" ಎಂದೆ. ಬೇರೆಯವರಿಂದ ಸಾವಿರ ಸಲ ಹಕ್ಕು ಬಿಡಿಸಿದ್ದೇನೆ, ಅದು ಇಷ್ಟು ಕಷ್ಟ ಮತ್ತು ಇಷ್ಟು ಸುಖ ಎಂದು ಅವತ್ತೇ ಗೊತ್ತಾಗಿದ್ದು. ಸಂಜೆ ನೆಲ ಮುಟ್ಟದ ಕಾಲಲ್ಲಿ ಮನೆಗೆ ಹೋಗಿ, ಅನ್ನಪೂರ್ಣನ ಮುಂದೆ ಉಂಡೆ ಇಟ್ಟು, ಹೊಸ್ತಿಲಿನ ಮಾತು ನನ್ನದೇ ಸೃಷ್ಟಿ, ನಿನಗೊಬ್ಬಳಿಗಾದರೂ ಗೊತ್ತಿರಲಿ ಎಂದು ಎಲ್ಲವನ್ನೂ ಹೇಳಿದೆ. ಆಕೆ ಉಂಡೆ ಮುರಿದು ಬಾಯಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು.

"ಹೌದೇನ್ರೀ? ಅಷ್ಟು ಚಂದದ ಮಾತು ಆಕೇದೇ ಇರ್ಬೇಕು ಅಂತ ನಾನೂ ಅಂದ್ಕಂಡಿದ್ದೆ."