ಸಂಜೆ ಆರರ ‘ಸಿಕ್ಕಿಲ್ಲ’

ಮೂವತ್ತು ವರ್ಷ ಸುದ್ದಿಮನೆಯಲ್ಲಿ ದುಡಿದವನಿಗೆ ಅಂಟುವ ಕಾಯಿಲೆಯೆಂದರೆ, ಖಚಿತವಾಗದ್ದನ್ನು ಬರೆಯಲು ಕೈ ಏಳದಿರುವುದು. ನಾನು ಅದನ್ನು ಗುಣವೆಂದೇ ನಂಬಿದ್ದೆ. ನಿವೃತ್ತನಾದ ಮೇಲೆ ಹಲಸೂರು ಕಡೆಯ ನೀರಿನ ಕಚೇರಿಯೊಂದರ ಫೇಸ್‌ಬುಕ್ ಪುಟಕ್ಕೆ ಬರೆದುಕೊಡುವ ಕೆಲಸ ಸಿಕ್ಕಾಗಲೂ ಆ ಗುಣವನ್ನು ಜೊತೆಗೇ ಒಯ್ದೆ.

ಕಳೆದ ಬೇಸಿಗೆಯಲ್ಲಿ ಮೂರ್ನಾಲ್ಕು ಬೀದಿಗಳ ನಲ್ಲಿಗಳಲ್ಲಿ ಚರಂಡಿ ವಾಸನೆಯ ನೀರು ಬಂತು. ಪೈಪು ಎಲ್ಲಿ ಒಡೆದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಸುದ್ದಿಯಲ್ಲವಲ್ಲ. ಹಾಗಾಗಿ ‘ಪರಿಸ್ಥಿತಿ ನಿಯಂತ್ರಣದಲ್ಲಿದೆ, ಪರಿಶೀಲನೆ ನಡೆಯುತ್ತಿದೆ’ ಎಂದು ಬರೆದೆ. ಮನೆಗೆ ಬಂದರೆ ಹೆಂಡತಿ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸುತ್ತಿದ್ದಳು. ನಿಯಂತ್ರಣದಲ್ಲಿದೆ ಎಂದು ಹಾಕಿದ್ದಾರೆ, ಅಂದರೆ ಏನೋ ಕೆಟ್ಟದ್ದೇ ಆಗಿದೆ ಎಂದಳು, ಹಾಕಿದವನು ಎದುರಿಗೇ ನಿಂತಿದ್ದಾನೆಂಬ ಮುಲಾಜೂ ಇಲ್ಲದೆ. ನಾನೂ ಕುದಿಸಿದ ನೀರನ್ನೇ ಕುಡಿದೆ.

ಆದರೆ ನನ್ನ ಭಾಷೆ ಬಲ್ಲ ಹೆಂಡತಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಮರುದಿನ ಹೂ ಮಾರುವ ಸೆಲ್ವಿಯಮ್ಮ ಕಚೇರಿಗೆ ಬಂದರು. ನನ್ನ ಬರಹ ನಂಬಿ ಮೊಮ್ಮಗಳಿಗೆ ನಲ್ಲಿ ನೀರು ಕೊಟ್ಟಿದ್ದರು. ಅವಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು. ಅವರು ಬೈಯಲಿಲ್ಲ.

“ಅಷ್ಟುದ್ದ ಯಾಕ್ ಬರೀತೀರಾ ಸಾರ್? ಕುಡೀಬೋದಾ, ಬೇಡ್ವಾ, ಅದೊಂದ್ ಹೇಳ್ಬಿಡಿ.”

ಪಕ್ಕದಲ್ಲಿದ್ದ ಕಿರಿಯ ಎಂಜಿನಿಯರ್ ನಾಗವೇಣಿ ನನ್ನ ಕೀಬೋರ್ಡನ್ನು ತಮ್ಮತ್ತ ಎಳೆದುಕೊಂಡು ಬರೆದರು: ‘ನೀರು ಕುಡಿಯಬೇಡಿ. ಚರಂಡಿ ಸೇರಿದೆ. ಎಲ್ಲಿ ಎಂದು ಗೊತ್ತಿಲ್ಲ. ಸಂಜೆ ಆರಕ್ಕೆ ಮತ್ತೆ ಬರೆಯುತ್ತೇವೆ, ಸಿಕ್ಕಿರಲಿ ಬಿಡಲಿ.’ ಜನರಿಗೆ ಗಾಬರಿಯಾಗುತ್ತದೆ ಎಂದೆ.

“ಗಾಬರಿ ಆಗ್ಲೇ ಆಗಿದೆ ಸಾರ್. ಆಗಿಲ್ಲ ಅಂತಿರೋದು ನಾವೊಬ್ರೇ” ಎಂದರು ನಾಗವೇಣಿ.

ಆರಕ್ಕೆ ಬರೆದೆವು: ಸಿಕ್ಕಿಲ್ಲ. ಬೈಗುಳದ ರಾಶಿಯೇ ಬಿತ್ತು. ಮರುದಿನ ಆರಕ್ಕೆ ಮತ್ತೆ, ಸಿಕ್ಕಿಲ್ಲ. ಬೈಗುಳ ಸ್ವಲ್ಪ ತಗ್ಗಿತು. ಮೂರನೆಯ ಸಂಜೆ ಆ ಬೈಗುಳಗಳ ನಡುವೆಯೇ ಹಳಬರೊಬ್ಬರು, ಮಾರುಕಟ್ಟೆ ಹಿಂದಿನ ಗಲ್ಲಿಯಲ್ಲಿ ಹಳೆಯ ಪೈಪೊಂದು ಚರಂಡಿಯ ಅಡಿಯಲ್ಲೇ ಹಾದಿದೆ, ಅಗೆದು ನೋಡಿ ಎಂದು ಬರೆದರು. ಒಡಕು ಅಲ್ಲೇ ಇತ್ತು. ಎಲ್ಲವೂ ನಿಯಂತ್ರಣದಲ್ಲಿದೆ ಎನ್ನುವವನಿಗೆ ಯಾರು ತಾನೇ ದಾರಿ ಹೇಳಿಯಾರು?

ಮೊಮ್ಮಗಳು ಗುಣವಾಗಿ ಮನೆಗೆ ಬಂದಳು. ಸೆಲ್ವಿಯಮ್ಮ ಈಗಲೂ ಸಂಜೆ ಆರಕ್ಕೆ ನಮ್ಮ ಪುಟ ನೋಡುತ್ತಾರಂತೆ. ನನ್ನನ್ನು ಕಂಡರೆ ಮಾತ್ರ ಹೂವಿಗೆ ನೀರು ಚಿಮುಕಿಸುತ್ತ ಮುಖ ತಿರುಗಿಸುತ್ತಾರೆ.

ಮೊನ್ನೆ ರಕ್ತ ಪರೀಕ್ಷೆಗೆ ಕೊಟ್ಟು ಬಂದೆ. ಸಕ್ಕರೆ ಎಷ್ಟಿದೆಯೆಂದು ಹೆಂಡತಿ ಕೇಳಿದಳು. ನಿಯಂತ್ರಣದಲ್ಲಿದೆ ಎಂದೆ. ಅವಳು ನನ್ನ ಮುಂದಿದ್ದ ಮೈಸೂರುಪಾಕಿನ ತಟ್ಟೆಯನ್ನು ಎತ್ತಿಕೊಂಡಳು.

“ಆರಕ್ಕೆ ಸರಿಯಾಗಿ ಹೇಳಿ. ರಿಪೋರ್ಟ್ ಬಂದಿರ್ಲಿ, ಬಿಡ್ಲಿ.”