ಶಾಂತಕ್ಕನ ಜತೆ ಚೌಕಾಸಿ

ಯಾರೂ ಕೇಳದಿದ್ದರೂ ಒಂದು ಬುದ್ಧಿಮಾತು ಹೇಳುತ್ತೇನೆ: ಕಳೆದುಕೊಳ್ಳಲು ಏನೂ ಇಲ್ಲದವರ ಜತೆ ಚೌಕಾಸಿಗೆ ಇಳಿಯಬೇಡಿ. ಸತ್ತವರೂ ಆ ಲೆಕ್ಕಕ್ಕೆ ಸೇರುತ್ತಾರೆಂದು ನನಗೆ ತಡವಾಗಿ ತಿಳಿಯಿತು.

ವಿಜಯಪುರದಿಂದ ಬರಿಗೈಲಿ ಬಂದು, ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕಾಯಿಪಲ್ಲೆ ಮಾರಿ ಮನೆ ಮಾಡಿಕೊಂಡವನು ನಾನು. ಸಾಲುಕೋಣೆಗಳ ನಮ್ಮ ಹಳೇ ಚಾಳು ಕೆಡವಿ ಟವರ್ ಕಟ್ಟಿದ ಬಿಲ್ಡರ್, ನೆಲಮಹಡಿಯ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಿದ. ಚಾಳಿನ ನಲ್ಲಿ, ನಾಮಫಲಕ, ಫೋಟೋಗಳು; ಜತೆಗೆ, ಕೆಡವುವ ಮೊದಲು ಕಾಲೇಜು ಹುಡುಗಿಯೊಬ್ಬಳು ಮೈಕ್ ಹಿಡಿದು ಓಡಾಡಿ ತುಂಬಿಕೊಂಡ ನಮ್ಮೆಲ್ಲರ ದನಿ. ಊರು ಬೆಳೆಯುವಾಗ ಹಳೆಯದರ ದಾಖಲೆ ಇರಬೇಕಂತೆ. ಇರಲಿ, ಆದರೆ ರಸ್ತೆಗೆ ಬಾಗಿಲಿರುವ ಕೋಣೆಯೇ ಬೇಕೇ? ತುಕ್ಕು ಹಿಡಿದ ನಲ್ಲಿಗೆ ಗಿರಾಕಿ ಬರುತ್ತಾರೆಯೇ? ನನಗೋ ಕೈಗಾಡಿ ತಳ್ಳಿ ಮೊಣಕಾಲು ಸವೆದಿದೆ. ಅಲ್ಲೊಂದು ಅಂಗಡಿ ಹಾಕೋಣವೆಂದು ಸೊಸೈಟಿಯ ಸದಸ್ಯರನ್ನು ಒಬ್ಬೊಬ್ಬರನ್ನಾಗಿ ಒಲಿಸಿದೆ. ಭಾನುವಾರದ ಮೀಟಿಂಗಿನಲ್ಲಿ ಕೈ ಎತ್ತುವುದಷ್ಟೇ ಬಾಕಿಯಿತ್ತು.

ಶನಿವಾರ ನಡುಮಧ್ಯಾಹ್ನ ಟೇಪು ಹಿಡಿದು ಕೋಣೆಯ ಅಳತೆಗೆ ಹೋದೆ. ಒಳಗೆ ಕಾಲಿಟ್ಟರೆ ತಾನಾಗಿ ದನಿ ಹೊರಡಿಸುವ ಯಂತ್ರವಿದೆಯೆಂದು ಗೊತ್ತಿತ್ತು. ಯಾರ ದನಿಯೆಂದು ಗೊತ್ತಿರಲಿಲ್ಲ.

"ಏ ತಮ್ಮಾ, ಕೊತ್ತಂಬರಿ ಹೆಂಗ ಕೊಟ್ಟಿ?"

ಶಾಂತಕ್ಕ! ಚಾಳಿನ ಕೊನೇ ಖೋಲಿಯವಳು. ಟವರ್ ಏಳುವ ಮೊದಲೇ ತೀರಿಕೊಂಡಳು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಪ್ರಶ್ನೆಯ ಹಿಂದೆಯೇ ಮೌನ. ಅಭ್ಯಾಸಬಲ ನೋಡಿ, ನನ್ನ ಬಾಯಿ ತಾನಾಗಿ ರೇಟು ಹೇಳಿಬಿಟ್ಟಿತು.

"ಅಯ್ಯ! ಬಂಗಾರದ್ದೇನೋ ಇದು?"

ಮತ್ತೆ ಮೌನ. "ಮಾರ್ಕೆಟ್ಟಿನ್ಯಾಗ ಮಾಲ ಇಲ್ಲಕ್ಕಾ" ಎಂದೆ.

"ಸುಳ್ಳ ಹೇಳಬ್ಯಾಡ. ಇನ್ನೊಂದ್ ಸೂಡ ಕೊತ್ತಂಬರಿ ಹಾಕ."

ಟೇಪು ಕೈಜಾರಿ ಸರ್ರನೆ ಸುರುಳಿ ಸುತ್ತಿಕೊಂಡಿತು. ಹೆದರಿಕೆಗೋ ಏನೋ, ನನ್ನ ಹಲ್ಲು ಕಂಡಿತು.

"ನಗತೀಯೇನ? ಹಾಕಂದ್ರ ಹಾಕ!"

ಹೊರಗೆ ರಣಬಿಸಿಲು, ಲೋಕಲ್ ಟ್ರೈನಿನ ಸದ್ದು. ನಾನು ಆಚೆ ಬಂದು ಬಾಗಿಲೆಳೆದುಕೊಂಡೆ.

ಆ ಹುಡುಗಿಗೆ ಫೋನು ಮಾಡಿದೆ. "ಅಂಕಲ್, ಅದು ನಿಮ್ಮಿಬ್ಬರ ಚೌಕಾಸಿದೇ ರೆಕಾರ್ಡಿಂಗ್. ನಿಮ್ದು ಆವಾಜ್ ಟ್ರಕ್ಕಿನ ಹಾರ್ನಿನಲ್ಲಿ ಮುಚ್ಚಿಹೋಗಿತ್ತು, ಕಟ್ ಮಾಡ್ದೆ. ಜಾಗ ಹಾಗೇ ಖಾಲಿ ಬಿಟ್ಟೀನಿ" ಎಂದಳು. ಅಂದರೆ ಆ ಮೌನಗಳೆಲ್ಲ ನನ್ನವೇ, ನನ್ನ ಮಾತಿನ ಅಳತೆಗೇ ಹೊಲಿದವು. ಸತ್ತವಳ ದನಿ ಗೋಡೆಯಲ್ಲಿದೆ, ಬದುಕಿರುವವನದು ಅಳಿಸಿಹೋಗಿದೆ.

ಮೀಟಿಂಗಿನಲ್ಲಿ ಸೆಕ್ರೆಟರಿ "ಚಲಾ, ಹಾತ್ ವರ್ ಕರಾ" ಎಂದು ಕೈ ಎತ್ತಲು ಹೇಳಿದಾಗ ಎಲ್ಲರೂ ನನ್ನತ್ತ ನೋಡಿದರು. ನನ್ನ ಕೈ ಮೇಲೇಳಲಿಲ್ಲ. ಅರ್ಧ ಎದ್ದಿದ್ದ ಅವರ ಕೈಗಳೂ ಇಳಿದವು. "ಕೋಣೆ ಹಂಗೇ ಇರಲಿ ಬಿಡ್ರಿ" ಎಂದೆ.

ಹೆಂಡತಿ ಮಹಾದೇವಿ ಮನೆಯಲ್ಲಿ ಚಪ್ಪಾಳೆ ತಟ್ಟಿದಳು: "ಇದ್ದಾಗ ಆಕಿಗೆ ಒಂದ್ ಎಸಳ ಹೆಚ್ಚ ಕೊಡಲಿಲ್ಲ. ಈಗ ಅಂಗಡೀನ ಕೊಟ್ಟ ಬಂದ್ರಿ!"

ಅದಕ್ಕೇ ಹೇಳುವುದು: ನಿಮ್ಮ ಕಟ್ಟಡಕ್ಕೂ ಯಾರಾದರೂ ಮೈಕ್ ಹಿಡಿದು ಬಂದರೆ, ಟ್ರಕ್ಕು ದಾಟಿಹೋಗುವವರೆಗೆ ಕಾದು ಬಾಯಿಬಿಡಿ. ಇಲ್ಲವಾದರೆ ನನ್ನಂತೆ ದಿನಾ ಗಾಡಿ ನಿಲ್ಲಿಸಿ, ಒಳಗೆ ಹೋಗಿ, ನಿಮ್ಮ ಪಾಲಿನ ಮಾತು ನೀವೇ ಹೇಳಿ ಬರಬೇಕಾಗುತ್ತದೆ. ನಿನ್ನೆ ಸಾಕಾಗಿ, "ಪುಕ್ಕಟೆ ತಗೊ ಅಕ್ಕಾ" ಎಂದೇಬಿಟ್ಟೆ.

"ಅಯ್ಯ! ಬಂಗಾರದ್ದೇನೋ ಇದು?" ಎಂದಳು.