ಹಳೆಬೀದಿಯ ಹಲಗೆಗಳಿಗೆ ಹಸಿರು ಬಣ್ಣ

ಉಪ್ಪಳದ ಹಳೆಬೀದಿಯನ್ನು ಉದ್ಧಾರ ಮಾಡಿ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಆ ಹೊಣೆಯನ್ನು ನಾನೇ ಎತ್ತಿ ಹೆಗಲಿಗೆ ಹಾಕಿಕೊಂಡೆ!

ತೊಂಬತ್ತರ ದಶಕದ ಆರಂಭ. ಹೈವೇ ಬದಿಯಲ್ಲಿ ಗಲ್ಫ್ ಹಣದ, ಎದುರಿಗೆಲ್ಲ ಗಾಜು ಹಾಕಿದ ಕನ್ನಡಿ ಅಂಗಡಿಗಳು ಎದ್ದು, ಗಿರಾಕಿಗಳೆಲ್ಲ ಅತ್ತ ನಡೆದಿದ್ದರು. ನಮ್ಮ ಬೀದಿಯಲ್ಲಿ ನನ್ನ ಬಟ್ಟೆ ಅಂಗಡಿ, ಎದುರಿಗೆ ಅದ್ದು ಬ್ಯಾರಿಯ ಬೇಳೆ-ಬೆಲ್ಲದ ಜೀನಸಿನ ಅಂಗಡಿ, ಆಚೀಚೆ ನೊಣ ಹೊಡೆಯುತ್ತ ಕೂತ ಇನ್ನು ಕೆಲವರು. ಹೀಗೇ ಹೋದರೆ ಬರುವ ಕ್ರಿಸ್‌ಮಸ್ಸಿಗೆ ಅಂಗಡಿಗೆ ಬೀಗ ಎಂದು ಹೆಂಡತಿ ಸಿಸಿಲಿಯಾ ಹೇಳಿಬಿಟ್ಟಿದ್ದಳು.

ನಾನು ವರ್ತಕರ ಸಭೆ ಕರೆದೆ. ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರನ್ನು ನಾನೇ ಸೂಚಿಸಿ, ನಾನೇ ಅನುಮೋದಿಸಿದೆ. ಹೈವೇಯವರಲ್ಲಿ ಶಟರ್ ಇದೆ, ನಮ್ಮಲ್ಲಿ ಪರಂಪರೆಯಿದೆ. ಎಲ್ಲ ಅಂಗಡಿಗಳ ಹಲಗೆ ಬಾಗಿಲುಗಳಿಗೂ ಒಂದೇ ಹಸಿರು ಬಣ್ಣ ಬಳಿದರೆ ಜನ ಮರಳಿ ಬರುತ್ತಾರೆ ಎಂದು ಭಾಷಣ ಬಿಗಿದೆ. ಪಾಪ, ಎಲ್ಲರೂ ಒಪ್ಪಿದರು.

ಹಲಗೆ ಬಾಗಿಲು ಕಾಣದವರಿಗೆ ಒಂದು ಮಾತು. ಅಂಗಡಿ ಮುಚ್ಚುವಾಗ ಉದ್ದುದ್ದ ಹಲಗೆಗಳನ್ನು ಹೊಸ್ತಿಲಲ್ಲಿ ಕೊರೆದ ಸಂದಿಯೊಳಗೆ ಒಂದರ ಪಕ್ಕ ಒಂದು ಕೂರಿಸಬೇಕು. ಒಂದು ಹಲಗೆಯ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಅದಕ್ಕೇ ಪ್ರತಿಯೊಂದರ ಹಿಂಬದಿಗೂ ಹಿರಿಯರು ನಂಬರು ಬರೆದಿಟ್ಟಿದ್ದರು.

ಆ ನಂಬರುಗಳು ನನ್ನ ಸೌಂದರ್ಯಪ್ರಜ್ಞೆಗೆ ಸರಿಬರಲಿಲ್ಲ. ಎರಡೂ ಬದಿಗೆ ದಪ್ಪಗೆ ಬಳಿಯಿರಿ, ಗೀಚಿದ್ದೊಂದೂ ಕಾಣಬಾರದು ಎಂದು ಪೇಂಟರಿಗೆ ಅಪ್ಪಣೆ ಕೊಟ್ಟೆ. ಕೆಲಸ ಬೇಗ ಮುಗಿಯಲೆಂದು ಇಡೀ ಬೀದಿಯ ಹಲಗೆಗಳನ್ನು ನನ್ನ ಹಿತ್ತಿಲಲ್ಲಿ ಒಟ್ಟಿಗೆ ರಾಶಿ ಹಾಕಿಸಿದೆ. ಒಗ್ಗಟ್ಟೆಂದರೆ ಇದು!

ಸಂಜೆಗೆ ಬಣ್ಣ ಒಣಗಿತು. ಅದ್ದು ಬ್ಯಾರಿ ಬಂದು ಹಸಿರು ರಾಶಿಯನ್ನು ಒಂದು ಸುತ್ತು ಹಾಕಿದರು.

"ಪೊರ್ಬುಗಳೇ," ಎಂದರು, ನಮ್ಮೂರಲ್ಲಿ ಕ್ರಿಸ್ತುವರನ್ನು ಕರೆಯುವ ರೀತಿಯಲ್ಲಿ. "ಇದರಲ್ಲಿ ನನ್ನದು ಯಾವುದು?"

"ಎಲ್ಲವೂ ನಮ್ಮದೇ ಅಲ್ವಾ," ಎಂದೆ ಅಧ್ಯಕ್ಷನ ಗಾಂಭೀರ್ಯದಿಂದ.

"ಅದು ಸರಿ ಮಾರಾಯ್ರೆ. ಅಂಗಡಿ ಮುಚ್ಚುವುದು ಹೇಗೆ?"

ನಾನು ಒಂದು ಹಲಗೆಯನ್ನು ತಿರುಗಿಸಿ ನೋಡಿದೆ, ಹಿಂಬದಿಯೂ ನಂಬರಿಲ್ಲದ ಹಸಿರು.

ಆಮೇಲೆ ನಡೆದದ್ದು ಬೀದಿ ತುಂಬ ಹಲಗೆಗಳ ಮೆರವಣಿಗೆ. ನನ್ನ ಅಂಗಡಿಗೆ ತಂದದ್ದು ಗಿಡ್ಡವಾಯಿತು, ಬ್ಯಾರಿಯ ಅಂಗಡಿಗೆ ಒಯ್ದದ್ದು ಮಾಡಿಗೆ ತಾಗಿತು. ಚಹಾ ಹೋಟೆಲಿಗೆ ಗುದ್ದಿ ಗುದ್ದಿ ಕೂರಿಸಿದ ಹಲಗೆಗಳು ಆ ರಾತ್ರಿ ಹೊರಬರಲೇ ಇಲ್ಲ. ಒಳಗೆ ಹೋಟೆಲಿನ ಭಟ್ಟರಿದ್ದರು!

ಸುದ್ದಿ ಹೈವೇಗೆ ಮುಟ್ಟಿತು. ಬಸ್ಸಿಗೆ ಕಾದವರು ಬಸ್ಸು ಬಿಟ್ಟು ನೋಡಲು ಬಂದರು. ಕನ್ನಡಿ ಅಂಗಡಿಯವರೂ ಬಂದು ಹಲಗೆ ಹೊತ್ತರು. ಹೊತ್ತವರಿಗೆ ಬಾಯಾರಿತು, ಭಟ್ಟರು ಸಂದಿಯಿಂದಲೇ ಚಹಾ ದಾಟಿಸಿದರು. ಬಂದವರು ಬರಿಗೈಯಲ್ಲಿ ಹೋಗುವುದೇಕೆಂದು ಬ್ಯಾರಿಯಲ್ಲಿ ಬೆಲ್ಲ, ನನ್ನಲ್ಲಿ ಲುಂಗಿ ಕೊಂಡರು. ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾನ ಹೋದರೂ ನನಗೆ ಕುಣಿಯುವಷ್ಟು ಖುಷಿಯಾಗಿತ್ತು!

ಹಲಗೆಗಳು ತಮ್ಮ ತಮ್ಮ ಮನೆ ಸೇರಲು ವಾರವೇ ಹಿಡಿಯಿತು. ಅಷ್ಟು ದಿನವೂ ಜನ ಬಂದರು, ಆಮೇಲೂ ಬಂದರು. ಒಂದು ಬೆಳಗ್ಗೆ ಕುಂಬ್ಡಾಜೆಯಿಂದ ಬಂದ ಹೆಂಗಸರ ಗುಂಪು ಅಂಗಡಿಯೊಳಗೆ ಇಣುಕಿ, ಆ ಹಲಗೆಯ ಜನ ಯಾರು ಎಂದು ಕೇಳಿತು. ನಾನು ಬಟ್ಟೆಯ ಥಾನಿನ ಹಿಂದೆ ಅವಿತೆ. ಸಿಸಿಲಿಯಾ ಥಾನು ಸರಿಸಿದಳು.

"ಇವರೇ. ಸರಿಯಾಗಿ ನೋಡಿ, ನೋಡಲಿಕ್ಕೆ ದುಡ್ಡಿಲ್ಲ. ರವಿಕೆ ಬಟ್ಟೆ ಎಂತ ಬಣ್ಣದ್ದು ಬೇಕು?"

ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಅವರು ಕಣ್ತುಂಬ ನೋಡಿ, ಮನಸಾರೆ ನಕ್ಕು, ರವಿಕೆ ಬಟ್ಟೆ ಹರಿಸಿ ಕಟ್ಟಿಸಿಕೊಂಡು ಹೋದರು. ನಮ್ಮ ಬೀದಿಯಲ್ಲಿ ನೋಡತಕ್ಕ ಪುರಾತನ ವಸ್ತು ಯಾವುದೆಂದು ನನಗೆ ಅಂದು ತಿಳಿಯಿತು.